ಉಪ್ಪಿಲ್ಲದ ಹುರಿಹಿಟ್ಟು

ಬೆಳಗಿನಿಂದ ನಮ್ಮ ಮನೆಯಲ್ಲಿ ರಾಗಿ ಹುರಿಯುತ್ತಿದ್ದಾರೆ. ಮಜ್ಜಿಗೆ ಚಿಮುಕಿಸಿ ಆರಲು ಬಿಟ್ಟ ರಾಗಿ ಕಾದ ಬಾಣಲೆಗೆ ಬಿದ್ದ ಕೂಡಲೇ ಚಿಟಚಿಟ ಸಿಡಿದು ಬೆಳ್ಳಗೆ ಅರಳುತ್ತದಲ್ಲ, ಆ ಘಮವನ್ನು ನೀವು ಬಲ್ಲವರಾದರೆ ನಾನು ವರ್ಣಿಸಬೇಕಾಗಿಲ್ಲ. ಅರಿಯದವರಾದರೆ ವರ್ಣಿಸಿ ಪ್ರಯೋಜನವಿಲ್ಲ. ನಾನು ನಡುಮನೆಯಲ್ಲಿ ಮಣೆ ಹಾಕಿಕೊಂಡು ಕುಳಿತು ಮೇಲ್ವಿಚಾರಣೆ ನಡೆಸುತ್ತಿದ್ದೆ. ಹಾಗೆ ನಡೆಸು ಎಂದು ನನ್ನನ್ನು ಯಾರೂ ಕೇಳಿಕೊಂಡಿರಲಿಲ್ಲ. ಅಷ್ಟರಲ್ಲಿ ಸೊಸೆ ಅಡಿಗೆಮನೆಯಿಂದಲೇ ಕೂಗಿದಳು: "ಅತ್ತೆ, ಹುರಿಹಿಟ್ಟಿಗೆ ಉಪ್ಪು ಎಷ್ಟು ಹಾಕಲ್ರಿ?"

ಎಲ್ಲದಕ್ಕೂ ಥಟ್ಟನೆ ಒಂದು ಅಭಿಪ್ರಾಯ ಕೊಡುವ ನಾನು ಸುಮ್ಮನೆ ಕುಳಿತುಬಿಟ್ಟೆ. ನಿದ್ದೆ ಹೋದೆನೋ ಏನೋ ಎಂದು ಅವಳು ಬಾಗಿಲ ತನಕ ಬಂದು ಇಣುಕಿ ಹೋದಳು.

ಈ ಹಿಟ್ಟು ನಮಗಲ್ಲ. ಈಚೆಗೆ ಮೆರವಣಿಗೆ ಮಾಡಿದರು, ಭಾಷಣ ಮಾಡಿದರು ಎಂದು ಹಿಡಿದುಹಾಕಿದ ಜನರನ್ನು ನಮ್ಮ ದುರ್ಗದ ಜೈಲಿನಲ್ಲಿಟ್ಟಿದ್ದಾರೆ. ಅವರನ್ನು ನೋಡಲು, ಅವರ ಪರ ಸಾಕ್ಷಿ ಹೇಳಲು ಹಿರಿಯೂರು, ಹೊಳಲ್ಕೆರೆ ಕಡೆಯಿಂದ ಜನ ಬಂದು ಕಚೇರಿಯ ಹೊರಗೆ ಕಾದು ಕುಳಿತಿರುತ್ತಾರೆ. ಅವರ ಊಟಕ್ಕೆಂದು ನಮ್ಮ ಬೀದಿಯ ಒಬ್ಬ ಎಳೆ ವಕೀಲ ಮನೆಮನೆಗೆ ಬಂದು ಕೇಳಿದ. ನಾನು ದೊಡ್ಡ ಮನಸ್ಸಿನಿಂದ ಒಪ್ಪಿದೆ. ಒಪ್ಪಿ, ಒಂದು ಮಾತು ಸೇರಿಸಿದೆ. ಒಳಗಿರುವವರಲ್ಲಿ ಒಬ್ಬನಿದ್ದಾನೆ. ಅವನು ನಮ್ಮ ಅಂಗಡಿಯ ಮುಂದೆ ನಿಂತು, ಬೀದಿಯೆಲ್ಲ ಕೇಳುವ ಹಾಗೆ ನನ್ನ ಮಗನನ್ನು ಕಳ್ಳ ಎಂದು ಕರೆದವನು. "ಅವನ ಮನೆಯವರಿಗೆ ಮಾತ್ರ ನಮ್ಮ ಹಿಟ್ಟು ಹೋಗಕೂಡದು ಕಣಪ್ಪ" ಎಂದೆ. ಹುಡುಗ ನೆಲ ನೋಡುತ್ತ "ಆಗ್ಲಿ ಅಮ್ಮಾರೆ" ಎಂದು ಹೊರಟುಹೋದ. ನಿನ್ನೆ ರಾತ್ರಿ ನನಗೆ ಒಳ್ಳೆಯ ನಿದ್ದೆಯೂ ಬಂತು. ಈಗ ನೋಡಿದರೆ ಈ ಉಪ್ಪಿನ ಪ್ರಶ್ನೆ.

ನನ್ನ ಅತ್ತೆ ಸಿದ್ದಮ್ಮನವರನ್ನು ನಿಮಗೆ ಪರಿಚಯ ಮಾಡಿಸದೆ ಈ ಪ್ರಶ್ನೆಗೆ ನಾನು ಉತ್ತರ ಹೇಳುವುದು ಕಷ್ಟ. ಸ್ವಲ್ಪ ಹಿಂದಕ್ಕೆ ಹೋಗಿಬರೋಣ, ಬೇಸರ ಮಾಡಿಕೊಳ್ಳಬೇಡಿ.

ನಾನು ಹಿರಿಯೂರಿನಿಂದ ಹೊಸದುರ್ಗಕ್ಕೆ ಸೊಸೆಯಾಗಿ ಬಂದ ಹೊಸತು. ಆಗಿನ್ನೂ ಮೋಟಾರು ನಮ್ಮ ಕಡೆ ಕಂಡವರಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಗಾಡಿಯೇ. ಮಾವನವರದು ಕೊಬ್ಬರಿ ವ್ಯಾಪಾರ. ತೆಂಗಿನಕಾಯಿಯನ್ನು ಬೆರಳಿನಿಂದ ತಟ್ಟಿ ಒಳಗಿನ ತಿರುಳಿನ ಯೋಗ್ಯತೆ ಹೇಳುತ್ತಿದ್ದರು. ಮನುಷ್ಯರನ್ನೂ ಹಾಗೆಯೇ ತಟ್ಟಿ ನೋಡುವ ಅಭ್ಯಾಸವಿತ್ತು. ನನ್ನನ್ನು ತಟ್ಟಿ ನೋಡಿ ಅವರು ಕೊಟ್ಟ ತೀರ್ಪು, "ಹುಡುಗಿ ಒಳ್ಳೇದೈತೆ, ಕೈ ಮಾತ್ರ ಉಪ್ಪಿನ ಮ್ಯಾಲೆ ಜೋರು" ಎಂದು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಹಿರಿಯೂರಿಗೆ ಹಿರಿಯೂರೇ ಆ ಮನೆಯಲ್ಲಿ ಹೆಸರು ಕೆಡಿಸಿಕೊಂಡಿತು. ಮುಂದೆ ಯಾವ ಪಾತ್ರೆಯಲ್ಲಿ ಉಪ್ಪು ಹೆಚ್ಚಾದರೂ ಎಲ್ಲರ ಕಣ್ಣೂ ನನ್ನ ಕಡೆಗೇ ತಿರುಗುತ್ತಿತ್ತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಬೇಕಾಗುತ್ತದೆ.

ಅತ್ತೆ ಮಾತು ಕಡಿಮೆ. ಅವರ ಮಾತೆಲ್ಲ ಬೀಸುವ ಕಲ್ಲಿನ ಜೊತೆಗೇ. ಬೆಳಕು ಹರಿಯುವ ಮುಂಚೆ ಎದ್ದು, ಕಲ್ಲಿಗೆ ನಮಸ್ಕಾರ ಮಾಡಿ, ಮೊದಲ ಹಿಡಿ ರಾಗಿಯನ್ನು ಪಕ್ಕದ ಗಡಿಗೆಗೆ ಹಾಕಿ ಆಮೇಲೆ ಬೀಸಲು ಕೂರುತ್ತಿದ್ದರು. ಆ ಗಡಿಗೆ ಮಠದ ಅಯ್ಯನವರದು. ಅವರು ಕಾಲಿನ ಗಂಟೆ ಸದ್ದು ಮಾಡುತ್ತ ಭಿಕ್ಷೆಗೆ ಬಂದಾಗ ಅದನ್ನು ಜೋಳಿಗೆಗೆ ಸುರಿಯುವುದು. ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಈ ಪದ್ಧತಿಯಿತ್ತು.

ಎರಡನೆಯ ಗಡಿಗೆ ಬಂದದ್ದು ವಕೀಲ ರಾಯರಿಂದ. ರಾಯರು ದುರ್ಗದವರು. ಸವಾರಿ ಬರುವ ಅಧಿಕಾರಿಗಳ ಪರಿವಾರದವರು ಊರವರಿಂದ ಕೋಳಿ, ಕುರಿ, ಹಾಲು ಕಿತ್ತುಕೊಳ್ಳುವುದು, ಗಾಡಿ ಹಿಡಿಯುವುದು, ಕೂಲಿ ಕೊಡದೆ ಹೊರೆ ಹೊರಿಸುವುದು, ಇದೆಲ್ಲ ಆಗ ಮಳೆ ಬಿಸಿಲಿನಷ್ಟೇ ಸಹಜವೆಂದು ಜನ ತಿಳಿದಿದ್ದರು. ಇದನ್ನು ಬಿಟ್ಟಿ ಎನ್ನುತ್ತಿದ್ದರು. ಯಾರಾದರೂ ಬಿಟ್ಟಿ ಒಲ್ಲೆ ಎಂದರೆ ಅವನ ಮೇಲೆ ಏನಾದರೊಂದು ಅಪವಾದ ಹೊರಿಸಿ ಲಾಕಪ್ಪಿಗೆ ಹಾಕುವುದು. ಅಂಥವರ ಪರವಾಗಿ ರಾಯರು ಸಂಭಾವನೆ ತೆಗೆದುಕೊಳ್ಳದೆ ವಾದಿಸುತ್ತಿದ್ದರು. ಜನ ಅವರನ್ನು "ಬಿಡಿಸೋ ವಕೀಲರು" ಎಂದೇ ಕರೆಯುತ್ತಿದ್ದರು. ಆದರೆ ಬಿಡಿಸಿದ್ದಕ್ಕಿಂತ ಬಿಡಿಸಲಾಗದೆ ಹೋದದ್ದೇ ಹೆಚ್ಚು ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಒಂದು ದಿನ ಅವರು ನಮ್ಮ ಜಗುಲಿಯ ಮೇಲೆ ಕುಳಿತು ಮಾವನವರಿಂದ ಏನಾದರೂ ಸಹಾಯ ಸಿಕ್ಕೀತೇ ಎಂದು ಕೇಳುತ್ತಿದ್ದರು. ಮಾವನವರು ಎಳನೀರು ಕೊಟ್ಟರು, ಎಲೆ ಅಡಿಕೆ ಕೊಟ್ಟರು, ಮಾರುಕಟ್ಟೆ ಬಿದ್ದುಹೋದ ಕಥೆಯನ್ನೂ ಕೊಟ್ಟರು. ಕೈ ಮಾತ್ರ ಸೊಂಟದ ಚೀಲದ ಕಡೆ ಹೋಗಲಿಲ್ಲ. ರಾಯರು ಬೇಸರದಿಂದ ಹೇಳಿದರು: "ಹಣದ ಮಾತಿರಲಿ ಯಜಮಾನರೆ. ತಾಳ್ಯದ ಕಡೆಯ ಒಬ್ಬನ ಮೊಕದ್ದಮೆ ಹೋದ ವಾರ ಬಿದ್ದುಹೋಯಿತು. ಕಾನೂನು ನಮ್ಮ ಕಡೆಗಿತ್ತು, ಸಾಕ್ಷಿಯೂ ಇದ್ದ. ವಿಚಾರಣೆ ಮುಂದಕ್ಕೆ ಹೋಗುತ್ತಲೇ ಇತ್ತು. ಕಟ್ಟಿಕೊಂಡು ಬಂದ ಬುತ್ತಿ ಮುಗಿಯಿತು, ಸಾಕ್ಷಿ ಎದ್ದು ಊರಿಗೆ ನಡೆದುಬಿಟ್ಟ. ಅವನನ್ನು ತಪ್ಪೆನ್ನಲೇ? ಹಸಿದವನು ಕೋರ್ಟಿನ ಮುಂದೆ ಎಷ್ಟು ದಿನ ಕೂತಾನು?"

ಒಳಗೆ ಬೀಸುವ ಕಲ್ಲು ನಿಂತಿತು. ನಾನು ಎದುರಿಗೆ ಕುಳಿತಿದ್ದೆ. ಅತ್ತೆ ಗೂಟ ಹಿಡಿದುಕೊಂಡೇ ಜಗುಲಿಯ ಕಡೆ ಕಿವಿಗೊಟ್ಟರು. ಮರುದಿನ ಬೆಳಿಗ್ಗೆ ಅಯ್ಯನವರ ಗಡಿಗೆಯ ಪಕ್ಕದಲ್ಲಿ ಇನ್ನೊಂದು ಗಡಿಗೆ ಇತ್ತು.

ರಾಗಿಯನ್ನು ರಾಗಿಯಾಗಿಯೇ ಕಳಿಸಿದರೆ ಅದನ್ನು ಬೇಯಿಸುವವರಾರು? ಬೇಯಿಸಿ ಕಳಿಸಿದರೆ ಯಾರ ಕೈಯದು ಯಾರು ಉಣ್ಣುತ್ತಾರೆ? ಅತ್ತೆ ಹುರಿಹಿಟ್ಟು ಮಾಡಿದರು. ಅದು ಕೆಡುವುದಿಲ್ಲ, ಒಲೆ ಬೇಡ, ನೀರಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ತಿಂದರೆ ಹೊತ್ತು ಹೋಗುತ್ತದೆ. ಹುರಿದ ಒಣ ಹಿಟ್ಟಿಗೆ ಮೈಲಿಗೆಯ ಗೊಡವೆಯೂ ಅಷ್ಟಿಲ್ಲ. ಬೀದಿಯ ಹೆಂಗಸರು ತಾವೂ ಒಂದೊಂದು ಹಿಡಿ ಎತ್ತಿಡತೊಡಗಿದರು. ದುರ್ಗಕ್ಕೆ ಹೋಗುವ ಗಾಡಿಗಳಲ್ಲಿ ಹಿಟ್ಟಿನ ಚೀಲ ರಾಯರ ಮನೆಗೆ ಹೋಗುತ್ತಿತ್ತು. ಮಾವನವರು ದಿನಾ ಗೊಣಗುತ್ತಿದ್ದರು: "ಯಾರ್ದೋ ಕುರಿ, ಯಾರ್ದೋ ಕೋರ್ಟು, ರಾಗಿ ಮಾತ್ರ ನಮ್ದು." ಅತ್ತೆ ಬೀಸುತ್ತಿದ್ದರು.

ಮೊದಲ ಸಲ ಹಿಟ್ಟಾದಾಗ ನಾನು ಬಾಯಿಗೊಂದಿಷ್ಟು ಹಾಕಿಕೊಂಡು, "ಅತ್ತೆ, ಉಪ್ಪು ಮರೆತಿದ್ದೀರಿ" ಎಂದೆ. ನನ್ನ ಉಪ್ಪಿನ ಜ್ಞಾನವನ್ನು ತೋರಿಸಿಕೊಳ್ಳಲು ಕಾದಿದ್ದ ಅವಕಾಶ ಅದು.

"ಮರೆತಿಲ್ಲವ್ವ, ಹಾಕಿಲ್ಲ" ಎಂದರು ಅತ್ತೆ. "ಒಬ್ಬರ ಉಪ್ಪು ತಿಂದ್ರೆ ಅವರ ಋಣ ನಾಲಿಗೆ ಮ್ಯಾಲೆ ಕುಂತ್ಕಂತೈತೆ. ಸಾಕ್ಷಿ ಹೇಳೋನು ಕಂಡಿದ್ದು ಹೇಳ್ಬೇಕು. ನಮಗೆ ಬೇಕಾಗಿದ್ದು ಹೇಳ್ಬಾರ್ದು. ಹಸಿವು ನಾವು ಕಳಿಯಾಣ, ಉಪ್ಪು ಅವನೇ ಹಾಕ್ಕಳ್ಳಿ."

ಆಗ ನನಗೆ ಇದು ಹಳೆಯ ಕಾಲದವರ ಅತಿರೇಕ ಅನ್ನಿಸಿತು. ಹದಿನಾರರ ವಯಸ್ಸಿನಲ್ಲಿ ನನಗೆ ಅನ್ನಿಸದ ಅತಿರೇಕವೇ ಇರಲಿಲ್ಲ.

ಹೀಗಿರುವಾಗ ಕಾಟಯ್ಯನ ಪ್ರಕರಣ ಬಂತು. ಇವನೂ ತಾಳ್ಯದ ಕಡೆಯವನೇ, ಕುರಿ ಕಾಯುವ ಹುಡುಗ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಜೋಗಿಮಟ್ಟಿಯ ತಪ್ಪಲಲ್ಲಿ ಕುರಿ ಮೇಯಿಸುತ್ತಿದ್ದಾಗ ಯಾವುದೋ ಸವಾರಿಯ ಜವಾನ ಬಂದು ಮರಿಯೊಂದನ್ನು ಎತ್ತಿಕೊಂಡ. ಕಾಟಯ್ಯ ಕೊಡುವುದಿಲ್ಲ ಎಂದ. ಜವಾನನ ಮೇಲೆ ಕೊಡಲಿ ಎತ್ತಿ ಕೊಲ್ಲಲು ಬಂದನೆಂದು ಅವನನ್ನು ಹಿಡಿದುಹಾಕಿದರು. ಅಪವಾದ ನಿಂತರೆ ವರ್ಷಗಟ್ಟಲೆ ಸೆರೆ. ಅವನ ಹೆಂಡತಿ ಒಂದು ದಿನ ನಮ್ಮ ಹಿತ್ತಲ ಬಾಗಿಲಿಗೆ ಬಂದು ಕುಳಿತು, ಏನನ್ನೂ ಕೇಳದೆ, ಅತ್ತೆಯ ಜೊತೆ ಒಂದಿಷ್ಟು ರಾಗಿ ಕೇರಿಕೊಟ್ಟು ಹೋದಳು. ಅವಳು ಬಸುರಿ.

ಕಂಡವನು ಒಬ್ಬನೇ, ಈರಜ್ಜ ಎಂಬ ಮುದುಕ ಕುರಿಗಾಹಿ. ಅವನಿಗೂ ಕಾಟಯ್ಯನ ಅಪ್ಪನಿಗೂ ಹುಲ್ಲುಗಾವಲಿನ ಜಗಳ. ಒಬ್ಬರ ಮನೆಯ ನೀರು ಒಬ್ಬರು ಮುಟ್ಟಿದವರಲ್ಲ. ಅದಕ್ಕೇ ಅವನ ಸಾಕ್ಷಿಗೆ ಬೆಲೆ ಹೆಚ್ಚು ಎಂದು ರಾಯರು ಹಿಗ್ಗಿದರು. ಈರಜ್ಜ ಕಂಬಳಿ ಹೆಗಲಿಗೆ ಹಾಕಿಕೊಂಡು ದುರ್ಗಕ್ಕೆ ನಡೆದು ಬಂದು ಛತ್ರದಲ್ಲಿ ಉಳಿದ. ನಮ್ಮ ಹಿಟ್ಟಿನ ಚೀಲವೂ ಹೋಯಿತು.

ಕೆಲವು ದಿನಗಳ ಮೇಲೆ ರಾಯರಿಂದ ಗಾಡಿಯವನ ಕೈಯಲ್ಲಿ ಸುದ್ದಿ ಬಂತು. ಈರಜ್ಜ ಸಾಕ್ಷಿ ಹೇಳುವುದಿಲ್ಲ ಎನ್ನುತ್ತಿದ್ದಾನೆ. ಹಿಟ್ಟಿನಲ್ಲಿ ಉಪ್ಪಿದೆಯಂತೆ.

ಮನೆಯಲ್ಲಿ ಎಲ್ಲರೂ ಯಾರ ಕಡೆ ನೋಡಿದರೆಂದು ಬೇರೆ ಹೇಳಬೇಕೆ? ನನ್ನ ಗಂಡ ವ್ಯಾಪಾರಕ್ಕೆ ತಿಪಟೂರಿಗೆ ಹೋಗಿದ್ದರು. ಇದ್ದಿದ್ದರೆ ಅವರೂ ನೋಡುತ್ತಿದ್ದರು. ಅತ್ತೆ ಮಾತ್ರ ಹತ್ತಿರ ಬಂದು ಕೇಳಿದರು: "ನೀನೇನಾದ್ರೂ ಹಾಕಿದೇನವ್ವ?" ಇಲ್ಲ ಎಂದೆ. "ಸರಿ" ಎಂದರು. ಅಷ್ಟೇ. ಆ ಒಂದು "ಸರಿ"ಗಾಗಿ ನಾನು ಆ ಹೆಂಗಸನ್ನು ಬದುಕಿರುವವರೆಗೂ ಪ್ರೀತಿಸಿದೆ.

"ಗಾಡಿ ಕಟ್ರಿ, ದುರ್ಗಕ್ಕೆ ಹೋಗಾಣ" ಎಂದರು ಮಾವನವರಿಗೆ. ಮಾವನವರು ಗೊಣಗುತ್ತಾರೆಂದು ಕಾದೆ. ಗೊಣಗಲಿಲ್ಲ, ಎತ್ತುಗಳಿಗೆ ನೀರು ತೋರಿಸಲು ಹೋದರು. ನಾನು ತವರಿಗೆ ಹೋಗುವುದಿತ್ತು, ನನ್ನನ್ನೂ ಹತ್ತಿಸಿಕೊಂಡರು. ಹೊಸದುರ್ಗದಿಂದ ಹಿರಿಯೂರಿಗೆ ದುರ್ಗದ ಮೇಲೆ ಹೋಗುವ ಬುದ್ಧಿವಂತರು ಯಾರೂ ಇಲ್ಲ. ಆದರೆ ಆ ದಾರಿಯಲ್ಲಿ ಹೋದದ್ದಕ್ಕೆ ನನಗೆ ಇವತ್ತಿಗೂ ಸಂತೋಷವಿದೆ.

ಹೊಳಲ್ಕೆರೆಯಲ್ಲಿ ಉಳಿದು ಮರುದಿನ ದುರ್ಗ ಸೇರಿದೆವು. ದಾರಿಯುದ್ದಕ್ಕೂ ಮಾವನವರು ಎತ್ತುಗಳೊಡನೆ ಮಾತ್ರ ಮಾತಾಡಿದರು. ಛತ್ರದ ಹಿಂದೆ ಹುಣಿಸೆ ಮರದ ಕೆಳಗೆ ಈರಜ್ಜ ಕುಳಿತಿದ್ದ. ಪಕ್ಕದಲ್ಲಿ ರಾಯರು ಹಣೆ ಒರೆಸಿಕೊಳ್ಳುತ್ತ ನಿಂತಿದ್ದರು.

"ನೋಡಿ ತಾಯಿ, ನಾಳೆ ವಿಚಾರಣೆ" ಎಂದರು ರಾಯರು. "ಕಾನೂನಿನಲ್ಲಿ ಉಪ್ಪಿನ ವಿಚಾರವೇ ಇಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು."

"ನಿಮ್ ಕಾನೂನು ನಿಮ್ದು ಸ್ವಾಮಿ" ಎಂದ ಈರಜ್ಜ, ಮರ್ಯಾದೆಯಿಂದಲೇ. ಆಮೇಲೆ ಅತ್ತೆಯ ಕಡೆ ತಿರುಗಿದ. "ತಾಯಿ, ನಿಮ್ ಹಿಟ್ಟು ಉಪ್ಪಿಲ್ದಿದ್ದು ಅಂತ ಹೇಳಿದ್ರು, ನಂಬಿ ಬಾಯಿಗಾಕ್ಕಂಡೆ. ಉಪ್ಪಿತ್ತು. ನೀವು ಆ ಹುಡುಗನ್ನ ಬಿಡಿಸೋ ಕಡೆಯೋರು. ಇನ್ನ ನಾನು ಅಲ್ಲಿ ನಿಂತು ಏನಂದ್ರೂ ನಿಮ್ ಉಪ್ಪಿನ ಮಾತಾಗ್ತೈತೆ, ನಂದಾಗಲ್ಲ. ದೇವ್ರಾಣೆ ಮಾಡಿ ಹೆಂಗೇಳ್ಲಿ?"

ನಾನಾಗಿದ್ದರೆ ವಾದಿಸುತ್ತಿದ್ದೆ. ಅತ್ತೆ ವಾದಿಸಲಿಲ್ಲ; ಅವರಿಗೂ ಅದೇ ನಂಬಿಕೆ ತಾನೆ. ಸೆರಗು ಸರಿಪಡಿಸಿಕೊಂಡು ಅವನೆದುರು ನೆಲದ ಮೇಲೆ ಕುಳಿತರು.

"ಈರಜ್ಜ, ನಿನ್ನ ಕಂಬ್ಳಿ ಗಂಟಿನಾಗೆ ಉಪ್ಪೈತೇನಪ್ಪ?"

"ಐತೆ ತಾಯಿ. ಅದಿಲ್ದೆ ಹೊರಡಲ್ಲ."

"ನಿನ್ ಉಪ್ಪು ಹಾಕಿ, ನಿನ್ ಕೈಯಾಗೇ ಒಂದಿಷ್ಟು ಹಿಟ್ಟು ಕಲಸಿ ಕೊಡು. ನಾನು ತಿಂತೀನಿ. ನನ್ ಉಪ್ಪು ನಿನಗೆ, ನಿನ್ ಉಪ್ಪು ನನಗೆ. ಋಣ ಅಲ್ಲಿಗೆ ಸಮ."

ಮುದುಕ ಕಂಬಳಿಯನ್ನು ಎದೆಗೆ ಎಳೆದುಕೊಂಡ. "ನಮ್ ಕೈದು ನೀವು ತಿನ್ನಂಗಿಲ್ಲ ತಾಯಿ. ಬ್ಯಾಡ."

"ನಮ್ ಕೈದು ನೀನು ತಿಂದಿಯಲ್ಲ."

ಇಂದಿನವರಿಗೆ ಇದು ಸಣ್ಣ ಮಾತೆನ್ನಿಸಬಹುದು. ಅತ್ತೆ ನಮ್ಮ ಮನೆಯಲ್ಲೇ ಲಿಂಗಪೂಜೆಯಾಗದೆ ನೀರು ಮುಟ್ಟಿದವರಲ್ಲ. ಕುರಿಗಾಹಿಯ ಕೈಯಿಂದ, ಅವನ ನೀರಿನಲ್ಲಿ ಕಲಸಿದ್ದನ್ನು ತಿಂದರೆಂದು ಹೊಸದುರ್ಗಕ್ಕೆ ತಿಳಿದರೆ ನೆಂಟರಿಷ್ಟರಲ್ಲಿ ತಲೆಯೆತ್ತುವಂತಿರಲಿಲ್ಲ. ಛತ್ರದಲ್ಲಿ ನಮ್ಮೂರ ಗಾಡಿಯವರೂ ಇದ್ದರು, ನೋಡುತ್ತಲೂ ಇದ್ದರು. ನಾನು ಬೇಡ ಅನ್ನಲು ಬಾಯಿ ತೆರೆದೆ. ಲಾಕಪ್ಪಿನಲ್ಲಿದ್ದ ಹುಡುಗನ ಹೆಂಡತಿ ಮೊರ ಹಿಡಿದುಕೊಂಡು ಕುಳಿತದ್ದು ನೆನಪಾಗಿ ಮುಚ್ಚಿದೆ.

ಈರಜ್ಜ ಕೊನೆಗೆ ಕಂಬಳಿಯ ಮೂಲೆ ಬಿಚ್ಚಿದ. ತೆಂಗಿನ ಕರಟದಲ್ಲಿ ಹಿಟ್ಟು ಹಾಕಿ, ನೀರು ಬಿಟ್ಟು, ಕಲ್ಲುಪ್ಪನ್ನು ಬೆರಳಲ್ಲಿ ನುರಿದು ಕಲಸಿದ. ಅತ್ತೆ ಬಲಗೈ ಚಾಚಿ ಇಸಿದುಕೊಂಡು, ಕಣ್ಣಿಗೊತ್ತಿಕೊಂಡು ತಿಂದರು. ಅಯ್ಯನವರು ಕೊಟ್ಟ ಪ್ರಸಾದವನ್ನು ಅವರು ತಿನ್ನುತ್ತಿದ್ದುದೂ ಹಾಗೆಯೇ.

"ಈಗ ಸಮ ಆತಲ್ಲಪ್ಪ?"

ಅವನು ಏನೋ ಹೇಳುವಷ್ಟರಲ್ಲಿ ನಮ್ಮ ಹಿಂದೆ ಯಾರೋ ಕೆಮ್ಮಿದರು. ಮಾವನವರು. ಗಾಡಿಯ ಹತ್ತಿರ ನಿಂತಿದ್ದವರು ಯಾವಾಗ ಬಂದರೋ ತಿಳಿಯದು. ಮುಖ ಕೆಂಪಗಾಗಿತ್ತು.

"ಸಮ ಆಗಿಲ್ಲ" ಎಂದರು. "ಉಪ್ಪು ಹಾಕ್ದೋನು ನಾನು."

ಅತ್ತೆ ತಿರುಗಿ ನೋಡಿದರು.

"ಏನ್ ನೋಡ್ತೀಯೆ? ಆ ಬಸುರಿ ಹುಡ್ಗಿ ಬಂದು ಹೋದ್ಮೇಲೆ ನನಗೆ ಊಟ ಸೇರ್ಲಿಲ್ಲ. ಚೀಲ ಕಟ್ಟೋ ಮುಂದೆ ಒಂದೀಟು ಬಾಯಿಗಾಕ್ಕಂಡೆ. ಸಪ್ಪೆ. ಅಷ್ಟು ದೂರ ನಡ್ಕಂಡು ಬರೋ ಮುದುಕ ಇಂಥದ್ದು ತಿನ್ಬೇಕಾ ಅನ್ನಿಸ್ತು. ನೀನು ಮರೆತಿದ್ದೀಯ ಅಂತ ಮಾಡಿ, ಉಪ್ಪು ಕುಟ್ಟಿ ಬೆರೆಸ್ದೆ." ಆಮೇಲೆ ಅತ್ತೆಯ ಪಕ್ಕದಲ್ಲಿ ಮಂಡಿಯೂರಿ ಕುಳಿತು ಈರಜ್ಜನ ಮುಂದೆ ಕೈ ಚಾಚಿದರು. "ನನಗೂ ಕೊಡಪ್ಪ."

ಒಂದು ಕಾಸು ಬಿಚ್ಚದ ಮನುಷ್ಯ ಮೊದಲ ಸಲ ಮನಸ್ಸು ಕರಗಿ ಕೊಟ್ಟದ್ದು ಒಂದು ಹಿಡಿ ಉಪ್ಪು. ಅದೇ ಇಷ್ಟಕ್ಕೆಲ್ಲ ಮೂಲವಾಯಿತು. ನನಗೆ ನಗು ಬಂತೋ ಅಳು ಬಂತೋ, ಸೆರಗನ್ನು ಬಾಯಿಗೆ ಒತ್ತಿಕೊಂಡೆ. ರಾಯರು ಹುಣಿಸೆ ಮರದ ಕಡೆ ಮುಖ ತಿರುಗಿಸಿಕೊಂಡಿದ್ದರು. ಮಾವನವರು ತಿಂದು, "ಉಪ್ಪು ಸ್ವಲ್ಪ ಜೋರಾತು" ಎಂದರು, ನನ್ನ ಕಡೆ ನೋಡದೆ. ಈರಜ್ಜ ನಕ್ಕುಬಿಟ್ಟ.

ಮರುದಿನ ಅವನು ಕಂಡದ್ದನ್ನು ಹೇಳಿದ. ಹೆಂಗಸರು ಕೋರ್ಟಿಗೆ ಹೋಗುವ ಕಾಲವಲ್ಲ, ರಾಯರೇ ಬಂದು ಹೇಳಿದ್ದು. ಕೊಡಲಿ ಅಲ್ಲಿ ಇರಲೇ ಇಲ್ಲ ಎಂದನಂತೆ. ಜವಾನ ಮರಿಯನ್ನು ಕಾಲು ಹಿಡಿದು ಎತ್ತಿದ ಎಂದನಂತೆ. ಅಷ್ಟಕ್ಕೆ ನಿಲ್ಲಿಸಿದ್ದರೆ ರಾಯರು ಸುಖವಾಗಿರುತ್ತಿದ್ದರು. ಈರಜ್ಜ ಮುಂದುವರಿದು, "ಹುಡುಗ ಅವನನ್ನ ಎದೆಗೆ ಕೈ ಹಾಕಿ ನೂಕಿದ್ದೂ ಖರೆ, ತಾಯಿ ಎತ್ತಿ ಬೈದಿದ್ದೂ ಖರೆ" ಎಂದನಂತೆ. ಆದರೆ ಅಷ್ಟನ್ನೂ ಮುಚ್ಚಿಡದ ಮುದುಕ ಕೊಡಲಿಯೊಂದನ್ನು ಮುಚ್ಚಿಟ್ಟಾನೆಯೇ ಎಂದು ಮ್ಯಾಜಿಸ್ಟ್ರೇಟರಿಗೆ ಅನ್ನಿಸಿತು. ಕಾಟಯ್ಯನಿಗೆ ದಂಡ ಬಿತ್ತು, ಸೆರೆ ತಪ್ಪಿತು. ನೂಕಿದ ಮಾತನ್ನೂ ಹೇಳಿದನೆಂದು ಕೇಳಿ ಅತ್ತೆಯ ಮುಖ ಅರಳಿದ್ದನ್ನು ನಾನು ನೋಡಿದೆ. ಅವರಿಗೆ ಬಿಡುಗಡೆಯ ಸುದ್ದಿಗಿಂತ ಅದೇ ಹೆಚ್ಚಿನದಾಗಿತ್ತೆಂದು ಈಗ ತೋರುತ್ತದೆ.

ಹೊಸದುರ್ಗಕ್ಕೆ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಒಂದಷ್ಟು ಮನೆಗಳವರು ನಮ್ಮ ಗಡಿಗೆಗೆ ರಾಗಿ ಹಾಕುವುದನ್ನು ಬಿಟ್ಟರು. ಒಂದು ಮದುವೆಯ ಊಟದಲ್ಲಿ ಅತ್ತೆ ಮಾವಂದಿರ ಪಕ್ಕದ ಎಲೆಗಳು ಖಾಲಿ ಉಳಿದವು. ಇಬ್ಬರೂ ತಲೆ ತಗ್ಗಿಸಿಕೊಂಡು ಉಂಡು ಬಂದರು. ಅತ್ತೆಗೆ ಅದು ನೋಯಲಿಲ್ಲವೆಂದು ಹೇಳಲಾರೆ. ಬಹಳ ನೊಂದರು. ಆದರೆ ನಾನು ತವರಿನಿಂದ ಮರಳಿ ಬಂದ ದಿನ ಬೆಳಗಿನ ಜಾವ ಎದ್ದು ನೋಡಿದರೆ, ಬೀಸುವ ಕಲ್ಲಿನ ಹತ್ತಿರ ಮಾವನವರು ಬಗ್ಗಿ ನಿಂತಿದ್ದರು. ಮೊದಲ ಹಿಡಿ ಅಯ್ಯನವರ ಗಡಿಗೆಗೆ, ಎರಡನೆಯ ಹಿಡಿ ಪಕ್ಕದ್ದಕ್ಕೆ ಹಾಕಿ, ಸ್ವಲ್ಪ ಯೋಚಿಸಿ, ಕೊಡುವುದನ್ನು ನಿಲ್ಲಿಸಿದ ಮನೆಗಳ ಪಾಲೆಂದು ಇನ್ನಷ್ಟು ಹಾಕಿದರು. ಕೊನೆಯವರೆಗೂ ಅದು ಅವರ ಕೆಲಸವಾಯಿತು. ಗೊಣಗುವುದನ್ನೂ ಬಿಡಲಿಲ್ಲ. ಈರಜ್ಜ ಆ ಕಡೆ ಬಂದಾಗ ಜಗುಲಿಯ ಮೇಲೆ "ಬಾರಪ್ಪ, ಕುಂತ್ಕ" ಎನ್ನುತ್ತಿದ್ದರು, ಇಬ್ಬರೂ ಕುರಿ ಕೊಬ್ಬರಿಯ ಬೆಲೆಯನ್ನು ಬೈಯುತ್ತ ಕೂರುತ್ತಿದ್ದರು.

ಅವರೆಲ್ಲ ಹೋದರು. ಆ ಬೀಸುವ ಕಲ್ಲು ಮಾತ್ರ ನನ್ನ ಜೊತೆ ಹೊಸದುರ್ಗದಿಂದ ಇಲ್ಲಿಗೆ ಬಂದಿದೆ. ಅದರ ಪಕ್ಕದಲ್ಲೇ ನಾನು ಈಗ ಕುಳಿತಿರುವುದು.

ಸೊಸೆ ಮತ್ತೆ ಬಾಗಿಲಿಗೆ ಬಂದಳು. ಕೈಯಲ್ಲಿ ಉಪ್ಪಿನ ಮರಿಗೆ.

"ಅತ್ತೆ, ಕೇಳಿದ್ದು ಕೇಳಿಸ್ಲಿಲ್ವೇನ್ರಿ? ಉಪ್ಪು ಎಷ್ಟು?"

"ಬೇಡವ್ವ" ಎಂದೆ. "ಹಾಕಬೇಡ. ಅವರವರ ಉಪ್ಪು ಅವರೇ ಹಾಕ್ಕಳ್ಳಿ."

ಅವಳು ನನ್ನನ್ನು ಒಂದು ಥರ ನೋಡಿದಳು. ನಾನು ಹದಿನಾರರಲ್ಲಿ ಅತ್ತೆಯನ್ನು ನೋಡಿದ್ದು ಹೀಗೆಯೇ ಇರಬೇಕು. ಒಳಗೆ ಹೋಗುತ್ತಿದ್ದವಳನ್ನು ಕರೆದು ನಿಲ್ಲಿಸಿದೆ.

"ನಿನ್ನೆ ಆ ವಕೀಲ ಹುಡುಗನಿಗೆ ಒಂದು ಮಾತು ಹೇಳಿದ್ದೆನಲ್ಲ, ಅದರಾಗೆ ಉಪ್ಪು ಬಿದ್ದುಬಿಟ್ಟೈತೆ. ನಮ್ಮ ಅಂಗಡಿ ಮುಂದೆ ನಿಂತು ಕೂಗಿದನಲ್ಲ, ಅವನ ಹೆಂಡ್ತಿ ಮಕ್ಕಳೂ ಬಂದಿದ್ದಾರಂತೆ. ಅವರ ಹೆಸರಿನ ಚೀಲ ಮೊದಲು ಕಟ್ಟು. ನಾನೇ ತಗೊಂಡು ಹೋಗ್ತೀನಿ."